ಮರಿ ಹಾರಿತಾ ಅಂತ ಒಬ್ಬರೂ ಕೇಳುವುದಿಲ್ಲ

ಸಿಟ್ಟು ಇಳಿದ ಮೇಲೆ ಬರೆಯೋಣ ಅಂತ ಬೆಳಿಗ್ಗೆಯಿಂದ ಕಾದೆ. ಇಳಿಯಲಿಲ್ಲ. ಹಾಗಾಗಿ ಇದನ್ನು ಹೀಗೇ ಓದಿಕೊಳ್ಳಿ.

ಒಂದು ಫೋಟೋ ಇವತ್ತು ನಮ್ಮ ಗದಗ-ಹುಬ್ಬಳ್ಳಿ ಕಡೆಯ ಎಲ್ಲ ಪಕ್ಷಿ ಗುಂಪುಗಳಲ್ಲೂ ಓಡಾಡುತ್ತಿದೆ. ನೆಲದ ಮೇಲೇ ಮೊಟ್ಟೆ ಇಡುವ ಟಿಟ್ಟಿಭ ಹಕ್ಕಿ. ಕೊಕ್ಕು ತೆರೆದು, ಎರಡೂ ರೆಕ್ಕೆ ಅರ್ಧ ಬಿಚ್ಚಿ, ನಾಲ್ಕು ಮೊಟ್ಟೆಗಳ ಮೇಲೆ ನಿಂತಿದೆ. ಕೆಳಗೆ 'ತಾಯಿ ಪ್ರೀತಿ' ಅಂತ ಬರೆದಿದ್ದಾರೆ. ಫೋಟೋ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಅದನ್ನು ತೆಗೆದ ದಿನ ನಾನು ಆ ಕೆರೆಯ ಒಡ್ಡಿನ ಮೇಲೆ ಕೂತಿದ್ದೆ.

ಹೋದ ತಿಂಗಳ ಮಾತು. ನಾಲ್ಕು ಜನ ಕಾರನ್ನು ಸೀದಾ ಕೆರೆಯ ಅಂಗಳಕ್ಕೇ ಇಳಿಸಿದರು. ಗೂಡಿನ ಮೂರು ಕಡೆ ಬೋರಲು ಮಲಗಿದರು. ಅವರಲ್ಲೊಬ್ಬ ಎದ್ದು ಹೋಗಿ ಮೊಟ್ಟೆಯ ಸುತ್ತ ಇದ್ದ ಒಣ ಹುಲ್ಲು ಕಿತ್ತ, ಅಡ್ಡ ಬರುತ್ತಿದ್ದ ಕಲ್ಲು ಸರಿಸಿದ. ಫೋಟೋದಲ್ಲಿ ನೋಡಿ, ಗೂಡಿನ ಸುತ್ತ ಗುಡಿಸಿದ ಹಾಗೆ ಕಾಣುತ್ತದೆ. ಆ ಹುಲ್ಲು, ಆ ಕಲ್ಲುಗಳೇ ಮೊಟ್ಟೆಯನ್ನು ಬಚ್ಚಿಡುತ್ತಿದ್ದದ್ದು. ಟಿಟ್ಟಿಭಕ್ಕೆ ಬೇರೆ ಗೋಡೆ ಇಲ್ಲ, ಚಾವಣಿ ಇಲ್ಲ. ನಾನು ಇಳಿದು ಹೋಗಿ ಕೇಳಿದೆ. "ಐದ ನಿಮಿಷ ರೀ ಸರ, ಆತು" ಅಂದರು. ಬಿಸಿಲು ನೆತ್ತಿಗೆ ಬರುವ ತನಕ ಇದ್ದರು.

ಇನ್ನು ಆ ರೆಕ್ಕೆ ಬಿಚ್ಚಿದ ಭಂಗಿ. ಏಪ್ರಿಲ್ ಬಿಸಿಲಲ್ಲಿ ಕೆರೆಯ ನೆಲ ಗಾಳಿಗಿಂತ ಎಷ್ಟೋ ಜಾಸ್ತಿ ಕಾಯುತ್ತದೆ. ಮೊಟ್ಟೆ ಬೇಯಬಾರದು ಅಂತ ಹಕ್ಕಿ ನೆರಳು ಹಿಡಿದು ನಿಂತಿದೆ. ಗಂಡು ಹೆಣ್ಣು ಎರಡೂ ಸರದಿಯಲ್ಲಿ ನಿಲ್ಲುತ್ತವೆ, ಆ ಫೋಟೋದಲ್ಲಿರುವುದು ತಂದೆಯೇ ಇರಬಹುದು. ಒಂದು ಹಕ್ಕಿ ನೆರಳು ಕೊಡುವಾಗ ಇನ್ನೊಂದು ನೀರಿಗೆ ಹೋಗಿ ಹೊಟ್ಟೆಯ ಪುಕ್ಕ ಒದ್ದೆ ಮಾಡಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ. ಅವತ್ತು ನೀರಿಗೂ ಗೂಡಿಗೂ ನಡುವೆ ಆ ನಾಲ್ವರು ಮಲಗಿದ್ದರು. ಇನ್ನೊಂದು ಹಕ್ಕಿ ಹೊಟ್ಟೆ ಒದ್ದೆ ಮಾಡಿಕೊಂಡು ಬಂದು, ತಲೆಯ ಮೇಲೆ ಕೂಗುತ್ತಾ ಸುತ್ತು ಹಾಕಿ, ಇಳಿಯಲಾರದೆ ವಾಪಸ್ ಹೋಯಿತು. ಮತ್ತೆ ಬಂತು. ಮತ್ತೆ ಹೋಯಿತು.

ಇವತ್ತು ಆ ಫೋಟೋದ ಕೆಳಗೆ ಒಂದೇ ಪ್ರಶ್ನೆ ಕೇಳಿದೆ. ಮರಿ ಆದವಾ, ಹಾರಿದವಾ? "ಗೊತ್ತಿಲ್ಲ ಸರ್, ಮತ್ತೆ ಆ ಕಡೆ ಹೋಗಿಲ್ಲ" ಅಂತ ಉತ್ತರ ಬಂತು.

ನನಗೆ ಗೊತ್ತಿದೆ. ಮರಿ ಆಗಲಿಲ್ಲ. ಮೊಟ್ಟೆಯೊಡೆದು ಮರಿ ಬಂದಿದ್ದರೆ ಗೂಡಿನ ತಳದಲ್ಲಿ ಸಣ್ಣ ಸಣ್ಣ ಚಿಪ್ಪಿನ ಚೂರು ಸಿಗುತ್ತವೆ. ದೊಡ್ಡ ಚಿಪ್ಪನ್ನು ತಂದೆತಾಯಿ ಕಚ್ಚಿಕೊಂಡು ದೂರ ಒಯ್ದು ಬಿಸಾಡುತ್ತವೆ, ಚೂರು ಮಾತ್ರ ಉಳಿಯುತ್ತದೆ. ಆ ಗೂಡಿನಲ್ಲಿ ಚೂರು ಇರಲಿಲ್ಲ. ಕಲ್ಲಿನ ಮೇಲೆ ಒಣಗಿದ ಹಳದಿ ಲೋಳೆ, ಅದಕ್ಕೆ ಮುತ್ತಿದ ಇರುವೆ, ಧೂಳಿನಲ್ಲಿ ನಾಯಿಯ ಹೆಜ್ಜೆ. ಅಷ್ಟೇ.

ಫೋಟೋ ತೆಗೆದವರೊಬ್ಬರದೇ ವಿಷಯ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ನಮ್ಮೆಲ್ಲರ ಕಥೆಯೂ ಇಷ್ಟೇ ಅನ್ನುವುದು ನನ್ನ ಸಿಟ್ಟು. ಹಕ್ಕಿ ಬಂತು ಅಂದರೆ ಖುಷಿ, ಗೂಡು ಕಂಡರೆ ಇನ್ನೂ ಖುಷಿ, ಮೊಟ್ಟೆ ಕಂಡರೆ ಫೋಟೋ. ಆಮೇಲೆ ಮುಗಿಯಿತು. ಮರಿ ಹಾರಿತಾ ಅಂತ ಒಬ್ಬರೂ ಕೇಳುವುದಿಲ್ಲ. ಎಷ್ಟು ಎಕರೆ ಹೆಸರು ಬಿತ್ತಿದಿರಿ ಅಂತ ಕೇಳಿ ಎಷ್ಟು ಚೀಲ ಬಂತು ಅಂತ ಕೇಳದೆ ಎದ್ದು ಹೋಗುವವರನ್ನು ನಮ್ಮೂರ ಕಟ್ಟೆಯ ಮೇಲೆ ಎರಡನೇ ಸಲ ಕೂರಿಸುವುದಿಲ್ಲ. ಹಕ್ಕಿಯ ವಿಷಯದಲ್ಲಿ ನಾವೆಲ್ಲ ಹಾಗೇ ಎದ್ದು ಹೋಗುತ್ತಿದ್ದೇವೆ.

ನಮ್ಮ ಮಾಗಡಿ ಕೆರೆಯನ್ನೇ ನೋಡಿ. ಗದಗ ಜಿಲ್ಲೆ ಶಿರಹಟ್ಟಿ ತಾಲೂಕಿನ ಈ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿ, ಅಂದರೆ ಜಗತ್ತಿನ ಮಹತ್ವದ ಜೌಗು ನೆಲೆಗಳ ಪಟ್ಟಿ, ಸೇರಿತು. ಅವತ್ತು ನನಗಾದ ಸಂತೋಷ ನಿಮಗೆ ಗೊತ್ತಿದೆ, ಪೇಢೆ ಹಂಚಿದ್ದೆ. ಪ್ರತಿ ಚಳಿಗಾಲ ಪೇಪರಿನಲ್ಲಿ ಪಟ್ಟೆತಲೆ ಹೆಬ್ಬಾತು ಬಂದವು, ವಿದೇಶಿ ಅತಿಥಿಗಳು ಬಂದರು ಅಂತ ಸುದ್ದಿ ಬರುತ್ತದೆ. ಬರಲಿ, ಬೇಕು. ಆದರೆ ಹೆಬ್ಬಾತು ಇಲ್ಲಿ ಮೊಟ್ಟೆ ಇಡುವುದಿಲ್ಲ. ಅದರ ಗೂಡು ಟಿಬೆಟ್, ಲಡಾಖ್, ಮಂಗೋಲಿಯಾ ಕಡೆ. ನಮ್ಮ ಕೆರೆಗಳ ಅಂಗಳದಲ್ಲಿ ಗೂಡು ಮಾಡುವುದು ಟಿಟ್ಟಿಭ, ಮೆಟ್ಟುಗಾಲು ಹಕ್ಕಿ, ಕೊರಳಿಗೆ ಕಪ್ಪು ಪಟ್ಟಿ ಮತ್ತು ಕಣ್ಣ ಸುತ್ತ ಹಳದಿ ಉಂಗುರ ಇರುವ ಆ ಪುಟ್ಟ ಪ್ಲೋವರ್. ಹೆಬ್ಬಾತು ವಾಪಸ್ ಹೋದ ಮೇಲೆ, ನೀರು ಇಳಿದು ನೆಲ ಕಾಣುವಾಗ, ಇವುಗಳ ಸಂಸಾರ ಶುರುವಾಗುತ್ತದೆ. ಆಗ ನಾವು ಯಾರೂ ಇರುವುದಿಲ್ಲ. ಜೇಸಿಬಿ ಇರುತ್ತದೆ, ಕ್ರಿಕೆಟ್ ಇರುತ್ತದೆ, ಕೋಳಿ ಅಂಗಡಿಯ ತ್ಯಾಜ್ಯ ತಂದು ಸುರಿಯುವವರು ಇರುತ್ತಾರೆ, ಅದರ ಹಿಂದೆ ನಾಯಿ ಹಿಂಡು ಇರುತ್ತದೆ.

ಬೇರೆ ಕಡೆ ಈ ಲೆಕ್ಕ ಹೇಗೆ ಇಡುತ್ತಾರೆ ಗೊತ್ತಾ? ಅಮೆರಿಕದ ಸಮುದ್ರ ದಂಡೆಗಳಲ್ಲಿ ಪೈಪಿಂಗ್ ಪ್ಲೋವರ್ ಅಂತ ಒಂದು ಹಕ್ಕಿ ಇದೆ. ಗುಬ್ಬಿಗಿಂತ ಸ್ವಲ್ಪ ದೊಡ್ಡದು, ಒಣ ಮರಳಿನ ಬಣ್ಣ. ಮರಳಲ್ಲೇ ಒಂದು ಗುಳಿ ಮಾಡಿ ನಾಲ್ಕು ಮೊಟ್ಟೆ ಇಡುತ್ತದೆ. 1986ರಲ್ಲಿ ಅದಕ್ಕೆ ಕಾನೂನಿನ ರಕ್ಷಣೆ ಸಿಕ್ಕಾಗ ಅಟ್ಲಾಂಟಿಕ್ ದಂಡೆಯಲ್ಲಿ ಸುಮಾರು 790 ಜೋಡಿ ಇದ್ದವು. ಅಲ್ಲಿನ ಗ್ರೇಟ್ ಲೇಕ್ಸ್ ಅನ್ನುವ ದೊಡ್ಡ ಸರೋವರಗಳ ದಂಡೆಯಲ್ಲಿ ಬರೀ 17 ಜೋಡಿ. ಅಲ್ಲಿಂದ ಶುರುವಾಯಿತು. ಗೂಡು ಇರುವ ಜಾಗಕ್ಕೆ ಗೂಟ ನೆಟ್ಟು ಹಗ್ಗ ಕಟ್ಟುವುದು, ನಾಯಿ ಬಿಡದಂತೆ ನೋಡಿಕೊಳ್ಳುವುದು, ದಿನಾ ದೂರದಿಂದ ದುರ್ಬೀನು ಹಿಡಿದು ಗಮನಿಸುವುದು. ಪ್ರತಿ ಗೂಡಿಗೂ ಒಂದು ನಂಬರು. ಮೊಟ್ಟೆ ಯಾವತ್ತು ಕಂಡಿತು, ಎಷ್ಟು ಒಡೆದು ಮರಿಯಾದವು, ಎಷ್ಟು ಮರಿ ರೆಕ್ಕೆ ಬಲಿತು ಹಾರಿದವು, ಹಾರದಿದ್ದರೆ ಏನಾಯಿತು. ಅಲೆ ಬಡಿಯಿತಾ, ನರಿ ತಿಂದಿತಾ, ಕಾಗೆಯಾ, ಮನುಷ್ಯರ ಕಾಲಾ. ಅಟ್ಲಾಂಟಿಕ್ ದಂಡೆಗೆ ಅವರು ಇಟ್ಟುಕೊಂಡ ಗುರಿಗಳಲ್ಲಿ ಒಂದು, ಜೋಡಿಗೆ ಸರಾಸರಿ 1.5 ಮರಿ ಹಾರಬೇಕು ಅನ್ನುವುದು. ಗಮನಿಸಿ, ಲೆಕ್ಕ ಹಾರಿದ ಮರಿಯದ್ದು. ಈಗ ಅಟ್ಲಾಂಟಿಕ್ ಕಡೆ 2,000 ಜೋಡಿ ದಾಟಿದೆ, ಸರೋವರಗಳ ಕಡೆ ಸುಮಾರು 80ಕ್ಕೆ ಬಂದಿದೆ. ಸುಮಾರು 40 ವರ್ಷದ ದುಡಿಮೆ ಇದು.

2019ರಲ್ಲಿ ಶಿಕಾಗೊದ ಮಾಂಟ್ರೋಸ್ ಬೀಚಿನಲ್ಲಿ ಇಂಥದೇ ಒಂದು ಜೋಡಿ ಗೂಡು ಮಾಡಿತು. ಅಲ್ಲೇ ಒಂದು ದೊಡ್ಡ ಸಂಗೀತೋತ್ಸವ ನಡೆಯಬೇಕಿತ್ತು, ಸಾವಿರಾರು ಜನ ಸೇರುವಂಥದ್ದು. ಅದನ್ನೇ ರದ್ದು ಮಾಡಿದರು. ಒಂದು ಜೋಡಿಗೋಸ್ಕರ! ಓದಿದಾಗ ನನ್ನ ಕಣ್ಣು ತುಂಬಿತ್ತು.

ಅವರು ಮಾಡಿದ್ದೆಲ್ಲ ಸರಿಹೋಯಿತು ಅಂತಲೂ ಅಲ್ಲ. ಗೂಡಿನ ಮೇಲೆ ತಂತಿ ಬಲೆಯ ಪಂಜರ ಇಟ್ಟರು. ನರಿಗೆ ಮೊಟ್ಟೆ ಸಿಗಲಿಲ್ಲ, ಮರಿಯಾಗುವ ಗೂಡು ಜಾಸ್ತಿಯಾದವು. ಆದರೆ ಕೆಲವು ಕಡೆ ಬೇಟೆಯ ಪ್ರಾಣಿಗಳಿಗೆ ಪಂಜರವೇ ಗುರುತಾಯಿತು, ಒಳಗಿಂದ ಹೊರಬರುವ ದೊಡ್ಡ ಹಕ್ಕಿಯನ್ನೇ ಹಿಡಿಯತೊಡಗಿದವು. ಇದು ಗೊತ್ತಾದದ್ದು ಹೇಗೆ? ಮೊಟ್ಟೆ ಒಡೆದ ದಿನಕ್ಕೆ ಪುಸ್ತಕ ಮುಚ್ಚದೆ ಕೊನೆ ತನಕ ನೋಡಿದ್ದಕ್ಕೆ. ಟಿಟ್ಟಿಭದ ಮರಿ, ಪ್ಲೋವರ್ ಮರಿ, ಹುಟ್ಟಿದ ಕೆಲವೇ ಗಂಟೆಗಳಲ್ಲಿ ಗೂಡು ಬಿಟ್ಟು ಓಡುತ್ತವೆ. ಹಾರಲು ಇನ್ನೂ ಎಷ್ಟೋ ವಾರ ಬೇಕು. ಅಪಾಯ ಕಂಡರೆ ನೆಲಕ್ಕೆ ಅಂಟಿಕೊಂಡು ಅಲ್ಲಾಡದೆ ಕೂರುತ್ತವೆ. ಕಾರಿನ ಚಕ್ರ ಬಂದರೂ ಅಷ್ಟೇ, ಕೂರುತ್ತವೆ.

ಲೆಕ್ಕದಲ್ಲೂ ಒಂದು ಸೂಕ್ಷ್ಮ ಇದೆ, ಗಣಿತದ ಮೇಷ್ಟ್ರುಗಳಿಗೆ ಇಷ್ಟವಾಗುತ್ತದೆ. ನನಗೆ ಹತ್ತು ಗೂಡು ಕಂಡವು, ಆರರಲ್ಲಿ ಮರಿ ಆಯಿತು, ಅಂದರೆ 60 ಪರ್ಸೆಂಟು ಅಂತ ಹೇಳಿಬಿಟ್ಟರೆ ತಪ್ಪು. ಇಟ್ಟ ಮರುದಿನವೇ ನಾಯಿ ತಿಂದ ಗೂಡು ನನ್ನ ಕಣ್ಣಿಗೆ ಬೀಳಲೇ ಇಲ್ಲವಲ್ಲ. ಕಣ್ಣಿಗೆ ಬೀಳುವುದು ಅಷ್ಟು ದಿನ ಉಳಿದುಕೊಂಡ ಗೂಡು. ಹೆರಾಲ್ಡ್ ಮೇಫೀಲ್ಡ್ ಎಂಬುವವರು 1961ರಲ್ಲಿ ಇದಕ್ಕೊಂದು ದಾರಿ ತೋರಿಸಿದರು. ಗೂಡುಗಳನ್ನು ಎಣಿಸುವ ಬದಲು ಗೂಡು ನಿಮ್ಮ ಕಣ್ಣಳತೆಯಲ್ಲಿದ್ದ ದಿನಗಳನ್ನು ಎಣಿಸಿ, ದಿನಕ್ಕೆ ಎಷ್ಟು ಹಾಳಾಗುತ್ತವೆ ನೋಡಿ ಅಂತ. ಪ್ರತಿ ದಿನ, ಅವತ್ತಿಗೆ ಉಳಿದಿರುವ ಗೂಡುಗಳಲ್ಲಿ ನೂರಕ್ಕೆ ಮೂರು ಹಾಳಾದರೆ ಏನು ಮಹಾ ಅನ್ನಿಸುತ್ತದೆ ಅಲ್ವಾ? ಟಿಟ್ಟಿಭಕ್ಕೆ 28 ದಿನ ಕಾವು ಅಂತ ಹಿಡಿದು ಲೆಕ್ಕ ಹಾಕಿ. ಕೊನೆಗೆ ನೂರರಲ್ಲಿ 43 ಗೂಡು ಉಳಿಯುತ್ತವೆ. ದಿನಕ್ಕೆ ನೂರಕ್ಕೆ ಐದರಂತೆ ಹಾಳಾದರೆ 24. ಮರಿಗಳ ಕಷ್ಟ ಶುರುವಾಗುವುದು ಅದರ ಮೇಲೆ.

ಈಗ ನನಗೆ ಹೇಳುವ ಮಾತುಗಳಿಗೆ ಬರುತ್ತೇನೆ. ಹುಬ್ಬಳ್ಳಿಯ ಗೆಳೆಯನೊಬ್ಬ ಕೇಳಿದ, "ಟಿಟ್ಟಿಭ ಎಲ್ಲಾ ಕಡೆ ಐತಲ್ಲೋ, ಅದಕ್ಯಾಕ ಇಷ್ಟ ತ್ರಾಸ ತಗೋತಿ?" ಎಲ್ಲಾ ಕಡೆ ಇದ್ದ ಗುಬ್ಬಿಗೆ ದಿನಾಚರಣೆ ಮಾಡುವ ಕಾಲ ಬಂದಿದೆಯಲ್ಲಪ್ಪ. ರಿವರ್ ಟರ್ನ್ ಕೂಡ ಹೊಳೆ ಇದ್ದಲ್ಲೆಲ್ಲ ಇರುವ ಹಕ್ಕಿ ಅಂತಲೇ ಇತ್ತು, ಈಗ ಯಾವ ಜೀವಿಗೆ ಎಷ್ಟು ಅಳಿವಿನ ಭಯ ಅಂತ ಜಗತ್ತಿನ ಮಟ್ಟದಲ್ಲಿ ಗುರುತಿಸುವ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅಪಾಯದ ಗುಂಪಿನಲ್ಲಿದೆ. ಭದ್ರಾ ಹಿನ್ನೀರಿನ ನಡುಗಡ್ಡೆಯಲ್ಲಿ ಅವು ಗುಂಪಾಗಿ ಗೂಡು ಮಾಡುವುದನ್ನು ನೋಡಲು ಜನ ದುಡ್ಡು ಕೊಟ್ಟು ಹೋಗುತ್ತಾರೆ. ಹೊಳೆಯ ಮರಳ ದಿಬ್ಬವೂ ಅದಕ್ಕೆ ಗೂಡಿನ ಜಾಗವೇ. ನಮ್ಮ ತುಂಗಭದ್ರೆಯ ದಿಬ್ಬಗಳನ್ನು ಮರಳಿಗಾಗಿ ಬಗೆಯುವಾಗ ಅಲ್ಲಿ ಗೂಡಿತ್ತಾ ಅಂತ ಯಾರು ನೋಡಿದ್ದಾರೆ?

ಇನ್ನೊಂದು ಮಾತು, ರೈತರದ್ದು. ಬೇಸಿಗೆಯಲ್ಲಿ ಹೂಳು ತೆಗೆಯಲೇಬೇಕು, ಇಲ್ಲದಿದ್ದರೆ ಕೆರೆಯೂ ಇಲ್ಲ ಹಕ್ಕಿಯೂ ಇಲ್ಲ ಅಂತ. ಒಪ್ಪುತ್ತೇನೆ. ನಮ್ಮ ಮಸಾರಿ (ಕೆಂಪು ಮಣ್ಣಿನ) ಹೊಲಕ್ಕೂ ಕೆರೆ ಮಣ್ಣು ಹೊಡೆಸಿದ್ದೇವೆ. ಆದರೆ ಹೂಳೋ ಹಕ್ಕಿಯೋ ಅಂತ ಜಗಳ ಹಚ್ಚುವುದು ಸುಳ್ಳು. ಇದೇ ಬೇಸಿಗೆಯಲ್ಲಿ ಒಂದು ಕೆರೆಯಲ್ಲಿ ಜೇಸಿಬಿ ಡ್ರೈವರ್ ಹತ್ತಿರ ಹೋಗಿ ಇಲ್ಲೊಂದು ಗೂಡಿದೆ, ಒಂದು ವಾರ ಈ ಮೂಲೆ ಬಿಡಿ ಅಂದೆ. ಅವನು ಯಂತ್ರ ಬಂದ್ ಮಾಡಿ ಇಳಿದು ಬಂದು ದೂರದಿಂದ ನೋಡಿದ. "ಮೊದಲ ಹೇಳಿದ್ರ ಬಿಡತಿದ್ನಿರೀ ಸರ. ನಮಗ ಯಾರು ಹೇಳ್ಯಾರ?" ಅಂದ. ಆಮೇಲೆ ಆ ಮೂಲೆ ಬಿಟ್ಟೇ ಕೆಲಸ ಮಾಡಿದ. ಅವನಿಗೆ ಹೇಳಬೇಕಾದವರ ಹತ್ತಿರ ಗೂಡಿನ ಲೆಕ್ಕವೇ ಇಲ್ಲ, ಏನು ಹೇಳುತ್ತಾರೆ? ನಮ್ಮ 1972ರ ವನ್ಯಜೀವಿ ಕಾನೂನು ಹಕ್ಕಿಯ ಮೊಟ್ಟೆ ಹಾಳು ಮಾಡುವುದನ್ನು, ಗೂಡಿಗೆ ತೊಂದರೆ ಕೊಡುವುದನ್ನೂ ಬೇಟೆ ಅಂತಲೇ ಕರೆಯುತ್ತದೆ. ಇದು ಹುಲ್ಲು ಕಿತ್ತವನಿಗೂ ಗೊತ್ತಿರಲಿ.

ಆ ಕೆರೆಯಲ್ಲಿ ಲೆಕ್ಕ ಇಟ್ಟಿರುವ ಒಬ್ಬರೇ ಒಬ್ಬರನ್ನು ನಾನು ಬಲ್ಲೆ, ಕುರಿ ಕಾಯುವ ಅಜ್ಜ. ಮೊದಲ ಸಲ ನಾನು ಕೆರೆಗೆ ಇಳಿದಾಗ ದೂರದಿಂದಲೇ ಕೋಲು ಎತ್ತಿ ಕೂಗಿದ್ದರು, "ಅಲ್ಲಿ ತತ್ತಿ ಅದಾವ ತಮ್ಮಾ, ಈ ಕಡೆಯಿಂದ ಬಾ." ಕುರಿ ಹಿಂಡು ಆ ಜಾಗ ಬರುವಾಗ ತಾವು ಮುಂದೆ ಹೋಗಿ ಗೂಡಿಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ, ಹಿಂಡು ಅವರ ಎರಡೂ ಪಕ್ಕ ಸೀಳಿ ಹೋಗುತ್ತದೆ. ಎಷ್ಟು ದಿನಕ್ಕೆ ಮರಿ ಆಗುತ್ತವೆ ಅಜ್ಜಾ ಅಂದರೆ, "ಈ ಅಮಾಸಿಗೆ ಕಾವು ಕುಂತ್ರ ಮುಂದಿನ ಅಮಾಸಿಗೆ ಮರಿ" ಅಂದರು. ಪುಸ್ತಕದಲ್ಲಿ 28ರಿಂದ 30 ದಿನ ಅಂತಿದೆ. ಅವರು ಓದಿಲ್ಲ. ನೋಡಿದ್ದಾರೆ, ಕೊನೆ ತನಕ.

ಅವ್ವ ತೀರಿಹೋದ ವರ್ಷ ನಾನು ಹೇಗಿದ್ದೆ ಅಂತ ನಿಮಗೆ ಗೊತ್ತಿದೆ. ಮನೆಯಲ್ಲಿ ಕೂರಲಾಗುತ್ತಿರಲಿಲ್ಲ, ಅದಕ್ಕೇ ಕೆರೆಗೆ ಹೋಗತೊಡಗಿದ್ದು. ಆ ವರ್ಷ ಒಂದು ಟಿಟ್ಟಿಭ ಮರಿ ಹಾರಿದ್ದನ್ನು ಕಣ್ಣಾರೆ ನೋಡಿದೆ. ಓಡುತ್ತಾ ಓಡುತ್ತಾ ನೆಲ ಬಿಟ್ಟಿತು, ಸ್ವಲ್ಪ ದೂರ ಹೋಗಿ ಇಳಿಯಿತು, ಮತ್ತೆ ಓಡಿತು. ಯಾರಿಗೂ ಹೇಳಿರಲಿಲ್ಲ ಇದನ್ನು. ನಾಲ್ಕು ಮೊಟ್ಟೆಯಲ್ಲಿ ಅದೊಂದೇ ಉಳಿದದ್ದು.

ಗೂಡು ನೋಡಲು ಹೋಗುವುದೇ ಗೂಡಿಗೆ ತೊಂದರೆ ಅನ್ನುವವರೂ ಇದ್ದಾರೆ. ಹತ್ತಿರ ಹೋಗಿ ಬಗ್ಗಿ ನೋಡಿದರೆ ಖಂಡಿತ ತೊಂದರೆ. ಒಡ್ಡಿನ ಮೇಲೆ ಕೂತು ದುರ್ಬೀನಿನಲ್ಲಿ ನೋಡಿದರೆ ಇಲ್ಲ. ಹಕ್ಕಿ ಕೂತಿದೆಯಾ ಇಲ್ಲವಾ, ಅಷ್ಟು ಸಾಕು. ಹತ್ತಿರ ಹೋಗಲೇಬೇಕಾದರೆ ಬೆಳಿಗ್ಗೆ ತಂಪಿನಲ್ಲಿ ಹೋಗಿ. ಗೂಡಿನ ಹತ್ತಿರ ನಿಲ್ಲದೆ ಪಕ್ಕದಿಂದ ಹಾದು ಮುಂದಕ್ಕೆ ನಡೆದುಬಿಡಿ, ನಿಮ್ಮ ಹೆಜ್ಜೆಯ ಸಾಲು ಗೂಡಿನಲ್ಲಿ ಕೊನೆಯಾಗಬಾರದು. ಕಾಗೆ ಸುತ್ತಮುತ್ತ ಇದ್ದರೆ ಹೋಗಲೇಬೇಡಿ. ಗುರುತಿನ ಕಲ್ಲನ್ನು ಗೂಡಿನಿಂದ ಹತ್ತು ಹೆಜ್ಜೆ ದೂರದಲ್ಲಿಡಿ. ಮೊಟ್ಟೆ ಮುಟ್ಟಬೇಡಿ.

ಈ ಮಳೆಗಾಲ ಶುರುವಾಗಿ ಕೆರೆ ತುಂಬುವ ತನಕ ಸಮಯ ಇದೆ. ಗದಗ, ಹಾವೇರಿ, ಧಾರವಾಡ ಕಡೆ ಯಾರಿಗೆ ನೆಲದ ಗೂಡು ಕಂಡರೂ ನನಗೆ ನಾಲ್ಕು ವಿಷಯ ಬರೆದು ಕಳಿಸಿ. ಮೊದಲು ಕಂಡ ದಿನ, ಮೊಟ್ಟೆ ಎಷ್ಟು, ಕೊನೆಗೆ ನೋಡಿದ ದಿನ, ಏನಾಯಿತು. ಹಾಳಾಗಿದ್ದರೂ ಕಳಿಸಿ, ಅದೇ ಜಾಸ್ತಿ ಬೇಕು. ಫೋಟೋ ಬೇಡ. ಕೆರೆಯ ಹೆಸರನ್ನು ಇಲ್ಲಿ ಕಾಮೆಂಟಿನಲ್ಲಿ ದಯವಿಟ್ಟು ಹಾಕಬೇಡಿ, ಇನ್‌ಬಾಕ್ಸಿಗೆ ಕಳಿಸಿ.