ಬೀಚಲ್ಲಿ ಪಾರ್ಕಿಂಗ್, ಎತ್ತಿನ ಟೋಯಿಂಗ್

ಮುಂಬೈಯವರಿಗೆ ಮೂರು ಬದಿಯಲ್ಲೂ ಸಮುದ್ರ ಉಂಟು, ಆದ್ರೂ ಶನಿವಾರ ಬಂತು ಅಂದ್ರೆ ಸಮುದ್ರ ನೋಡ್ಲಿಕ್ಕೆ ಅಲಿಬಾಗಿಗೇ ಹೋಗ್ಬೇಕು. 2020ರಿಂದ ಮುಂಬೈಯ ಭಾವುಚಾ ಧಕ್ಕಾದಿಂದ ಅಲಿಬಾಗ್ ಹತ್ರದ ಮಾಂಡ್ವಾಕ್ಕೆ ಗಾಡಿ ಸಮೇತ ಸಾಗಿಸುವ ರೋ-ರೋ ಬೋಟ್ ಬಂತು, 2024ರ ಜನವರಿಯಲ್ಲಿ ಅಟಲ್ ಸೇತುವೂ ಓಪನ್ ಆಯ್ತು, ಇನ್ನು ಕೇಳುದುಂಟಾ. ಸಮಸ್ಯೆ ಎಂತದು ಅಂದ್ರೆ ಬೋಟಿನ ಮೇಲೆ ಕೂತು ಗಾಡಿ ಒಮ್ಮೆ ಸಮುದ್ರ ದಾಟಿತಲ್ಲ, ಅದೇ ಧೈರ್ಯದಲ್ಲಿ ನಮ್ಮ ಜನ ಆಚೆ ದಡದಲ್ಲಿ ಬೋಟೇ ಇಲ್ಲದೆ ಗಾಡಿಯನ್ನ ನೀರಿಗೆ ಇಳಿಸ್ತಾರೆ.

ಅಲಿಬಾಗಿಂದ ದಕ್ಷಿಣಕ್ಕೆ ಸ್ವಲ್ಪ ದೂರ ಹೋದ್ರೆ ಚೌಲ್, ಅದಕ್ಕೆ ತಾಗಿಕೊಂಡೇ ರೇವ್‌ದಂಡಾ. ತೆಂಗು, ಅಡಿಕೆ, ಹೆಂಚಿನ ಮನೆ, ನೋಡಿದ್ರೆ ನಮ್ಮ ಕುಂದಾಪುರದ ಕಡೆಯ ಯಾವುದೋ ಊರಿಗೆ ಬಂದ ಹಾಗೆ ಆಗ್ತದೆ, ರಸ್ತೆ ಮಾತ್ರ ಪೋರ್ಚುಗೀಸರ ಕೋಟೆ ಗೋಡೆಯನ್ನ ಸೀಳಿಕೊಂಡು ಹೋಗ್ತದೆ. ಕುಂಡಲಿಕಾ ನದಿ ಸಮುದ್ರ ಸೇರುವ ಜಾಗ ಇದು, ಆಚೆ ದಡದಲ್ಲಿ ಕೊರ್ಲೈ, ಅಲ್ಲಿ ಪೋರ್ಚುಗೀಸ್ ಬೆರೆತ ಮಾತನ್ನ ಇವತ್ತಿಗೂ ಮನೆಯಲ್ಲಿ ಆಡುವವರಿದ್ದಾರೆ. ಎರಡು ಸಾವಿರ ವರ್ಷದ ಹಿಂದೆ ಗ್ರೀಕ್ ಹಡಗಿನವರು ಬರ್ಕೊಂಡ ಬಂದರುಗಳ ಪಟ್ಟಿಯಲ್ಲೂ ಚೌಲ್ ಉಂಟು, ಅವರ ನಾಲಿಗೆಯಲ್ಲಿ ಸೆಮಿಲ್ಲಾ. ಇಷ್ಟೆಲ್ಲ ಇರುವ ಊರಲ್ಲಿ ನಮ್ಮ ಟೂರಿಸ್ಟ್ ಕೋಟೆಗೆ ಕೊಡುವ ಟೈಮ್ ಹತ್ತು ನಿಮಿಷ, ಅದರಲ್ಲಿ ಎಂಟು ನಿಮಿಷ ಗೋಡೆಯಲ್ಲಿ ತನ್ನ ಹೆಸರು ಕೆತ್ತಲಿಕ್ಕೆ ಬೇಕು. ಉಳಿದ ಇಡೀ ದಿನ ಬೀಚಲ್ಲಿ, ಗಾಡಿ ಜೊತೆ, ರೀಲ್ಸಿಗೆ. ಗಾಡಿ ಇಳಿಸಬಾರದು ಅಂತ ಬೋರ್ಡ್ ಇದ್ರೆ ಇನ್ನೂ ಒಳ್ಳೆದು, ಫೋಟೋಕ್ಕೆ ಬ್ಯಾಕ್‌ಗ್ರೌಂಡ್ ಆಯ್ತು.

ಇಲ್ಲಿ ಸಿಕ್ಕಿಹಾಕ್ಕೊಳ್ಳುದು ಹೊಸತೇನಲ್ಲ ಅನ್ನಿ. 1508ರಲ್ಲಿ ಇದೇ ಚೌಲ್ ಎದುರಿಗೆ ಈಜಿಪ್ಟಿನ ಮತ್ತು ಗುಜರಾತಿನ ನೌಕಾಪಡೆ ಸೇರಿ ಪೋರ್ಚುಗೀಸರನ್ನ ಹೊಡೆದಾಗ, ವೈಸ್‌ರಾಯ್ ಮಗ ಲೊರೆನ್ಸೊ ಡಿ ಅಲ್ಮೇಡಾನ ಹಡಗು ಓಡಿಹೋಗ್ಲಿಕ್ಕೆ ನೋಡಿ ಮೀನುಗಾರರು ಬಲೆ ಕಟ್ಟಲಿಕ್ಕೆ ಹೂತಿದ್ದ ಕಂಬಗಳಿಗೆ ಸಿಕ್ಕಿ ನಿಂತುಬಿಟ್ಟಿತು, ಆ ಮನುಷ್ಯ ಅಲ್ಲೇ ಸತ್ತ. ಪಾಪ ಅವನಿಗೆ ಯುದ್ಧ ಇತ್ತು, ಹಿಂದಿನಿಂದ ತೋಪು ಹೊಡೀತಿದ್ರು. ನಮ್ಮವರಿಗೆ ಹಿಂದಿನಿಂದ ಬರುದು ಡ್ರೋನ್ ಕ್ಯಾಮೆರಾ ಮಾತ್ರ.

ಅದಕ್ಕೂ ಮೊದಲು, 1469ರ ಸುಮಾರಿಗೆ, ಅಫನಾಸಿ ನಿಕಿತಿನ್ ಅಂತ ರಷ್ಯಾದ ವ್ಯಾಪಾರಿ ಇಲ್ಲೇ ಬಂದಿಳಿದಿದ್ದ. ಅವನ ಸ್ಮಾರಕವೂ ಊರಲ್ಲಿ ಉಂಟು, ಅದ್ರೆದುರು ಯಾರೂ ರೀಲ್ ಮಾಡುದಿಲ್ಲ. ಆ ಪುಣ್ಯಾತ್ಮ ಹೊರ್ಮುಜಿಂದ ಒಂದು ಕುದುರೆಯನ್ನ ಹಡಗಲ್ಲಿ ಹಾಕ್ಕೊಂಡು, ಇಡೀ ಅರಬ್ಬೀ ಸಮುದ್ರ ದಾಟಿಸಿ, ಚೌಲಲ್ಲಿ ದಡಕ್ಕೆ ಇಳಿಸಿ, ಘಟ್ಟ ಹತ್ತಿಸಿ, ನಡುವೆ ಜುನ್ನರದ ಖಾನ್ ಅದನ್ನ ಕಿತ್ಕೊಂಡದ್ದನ್ನೂ ವಾಪಸ್ ಪಡ್ಕೊಂಡು, ಕೊನೆಗೆ ನಮ್ಮ ಬೀದರಿನಲ್ಲಿ ಮಾರಿದ. ಗೂಗಲ್ ಮ್ಯಾಪ್ ಇಲ್ಲ, ಏರ್‌ಬ್ಯಾಗ್ ಇಲ್ಲ, ಸನ್‌ರೂಫ್ ಅಂತೂ ಇಲ್ಲವೇ ಇಲ್ಲ. ಅವನು ಒಂದು ಕುದುರೆಯನ್ನ ಸಮುದ್ರದಿಂದ ದಡಕ್ಕೆ ತಂದ ಊರಲ್ಲಿ ನಮ್ಮವರು ಇನ್ನೂರು ಹಾರ್ಸ್‌ಪವರನ್ನ ದಡದಿಂದ ಸಮುದ್ರಕ್ಕೆ ಬಿಡ್ತಾರೆ. 2024 ಮುಗಿಯುವ ಹೊತ್ತಿಗೆ ರೇವ್‌ದಂಡಾ ಬೀಚಲ್ಲಿ ಮುಂಬೈಯವರ ಫೆರಾರಿಯೇ ಹೂತು ನಿಂತಿತ್ತು, ಎತ್ತಿನಗಾಡಿ ಕಟ್ಟಿ ಎಳೆದ ವಿಡಿಯೋ ನೀವೂ ನೋಡಿರ್ತೀರಿ. ಲೋಗೋದಲ್ಲಿ ಕುದುರೆ, ಎಳೆದದ್ದು ಎತ್ತು.

ಅದು ಕೋಟ್ಯಧಿಪತಿಗಳ ಕಥೆ ಆಯ್ತು. ನಮ್ಮ ಕಥೆಗೆ ಥಾಣೆಯ ನನ್ನ ಭಾವ ಸಾಕು. ಮಲ್ಪೆ ಬಂದರಿನ ಗಾಳಿಯಲ್ಲೇ ಹುಟ್ಟಿ ಬೆಳೆದ ಜನ, ಅಪ್ಪ ಅಜ್ಜ ಎಲ್ಲ ಆಕಾಶ ನೋಡಿ ದೋಣಿ ತಳ್ಳಿದವರು, ಇವ್ರು ಮಾತ್ರ ಇಎಂಐ ನೋಡಿ ಎಸ್‌ಯುವಿ ತಗೊಂಡವ್ರು. ಅವತ್ತು ಏಕಾದಶಿ ಅಂತ ಮೀನಿನ ಥಾಲಿ ಮುಟ್ಟಲಿಲ್ಲ, ಅಕ್ಕ ಡಬ್ಬಿಯಲ್ಲಿ ತಂದ ಸಾಬುದಾನಿ ಖಿಚಡಿ ತಿಂದ್ರು, ತಿಥಿ ಅಷ್ಟು ಪಕ್ಕಾ ಗೊತ್ತು. ಕೊಂಕಣದ ಮೀನುಗಾರರ ಲೆಕ್ಕ ಏನಂದ್ರೆ ತಿಥಿಯ ಮುಕ್ಕಾಲು ಪಾಲು ಎಷ್ಟೋ, ಸುಮಾರಾಗಿ ಆ ಗಂಟೆಗೆ ಪೂರ್ತಿ ಉಬ್ಬರ. ಏಕಾದಶಿ ಅಂದ್ರೆ ಹನ್ನೊಂದರ ಮುಕ್ಕಾಲು, ಎಂಟೂ ಕಾಲು. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಆ ಹೊತ್ತಿಗೆ ಉಬ್ಬರ, ನಡುವೆ ಇಳಿತ, ಅಂದ್ರೆ ಮಧ್ಯಾಹ್ನ ಎರಡರ ಮೇಲೆ ನೀರು ಏರ್ತಾ ಬರ್ಬೇಕು. ಗೋಡೆಯ ಕ್ಯಾಲೆಂಡರಲ್ಲಿ ಎಲ್ಲ ಉಂಟು, ಆದ್ರೆ ನಮಗೆ ತಿಥಿ ಬೇಕಾದ್ದು ಹೊಟ್ಟೆಗೆ ಮಾತ್ರ.

ನಾಲ್ಕು ಗಂಟೆಗೆ ಗಾಡಿ ಇಳಿಸಿದ್ರು, ಒದ್ದೆ ಮರಳು ಮೇಲಿಂದ ಡಾಂಬರಿನ ಹಾಗೆ ಗಟ್ಟಿ ಕಾಣ್ತದೆ ನೋಡಿ. ಬಲೆ ಬಿಡಿಸ್ತಾ ಕೂತ ಅಜ್ಜ ಒಬ್ರು ಮರಾಠಿಯಲ್ಲಿ ನೀರು ಬರ್ತಾ ಉಂಟು ಸಾಹೇಬ್ರೆ ಅಂತ ಎರಡು ಸಲ ಹೇಳಿದ್ರು, ಭಾವ ಅವ್ರಿಗೆ ಟಾಟಾ ಮಾಡಿದ್ರು. ಒಂದು ಟರ್ನ್ ಹೊಡೆದದ್ದೇ ಹಿಂದಿನ ಚಕ್ರ ಸ್ವಲ್ಪ ಕೂತಿತು, ಇವ್ರು ಆಕ್ಸಿಲರೇಟರ್ ಒತ್ತಿದ್ರು, ಚಕ್ರ ತಿರುಗಿ ತಿರುಗಿ ತನ್ನ ಗುಂಡಿ ತಾನೇ ತೋಡ್ಕೊಂಡಿತು, ಅಲೆ ಬಂದು ಹೋಗುವಾಗ ಟೈರಿನ ಬುಡದ ಮರಳನ್ನೂ ಎಳ್ಕೊಂಡು ಹೋಯ್ತು. ಟೈರಿನ ಗಾಳಿ ಸ್ವಲ್ಪ ಬಿಡಿ ಭಾವ ಅಂತ ನಾನು, ಗಾಳಿ ಬಿಟ್ರೆ ವಾಪಸ್ ಯಾರು ತುಂಬ್ಸುದು ಮಾರಾಯಾ ಅಂತ ಅವರು. ಒಳಗೆ ಸ್ಕ್ರೀನಲ್ಲಿ ಆ ಹೆಂಗಸು ಮಾತ್ರ ಶಾಂತವಾಗಿ ಯೂ ಟರ್ನ್ ತಗೊಳ್ಳಿ ಅಂತಾನೇ ಇದ್ಳು.

ಅಜ್ಜನೇ ಯಾರಿಗೋ ಫೋನ್ ಮಾಡಿ ಎತ್ತು ತರಿಸಿದ್ರು. ಎತ್ತಿನವ ಬಂದು ಗಾಡಿಯನ್ನೂ ನೋಡಿದ, ನೀರನ್ನೂ ನೋಡಿದ, ಐದು ಸಾವಿರ ಅಂದ. ಭಾವನಿಗೆ ಸಿಟ್ಟು ಬಂತು, ಎತ್ತಿಗೆ ಎಂತ ಪೆಟ್ರೋಲ್ ಹಾಕುದುಂಟಾ ಅಂತ ಚೌಕಾಸಿಗೆ ನಿಂತ್ರು. ಅಷ್ಟೊತ್ತಿಗೆ ಒಂದು ಅಲೆ ಬಂದು ಬಂಪರ್ ಮುಟ್ಟಿತು, ರೇಟ್ ಏಳು ಸಾವಿರ ಆಯ್ತು. ಆ್ಯಪಿನವರು ಮಳೆ ಬಂದಾಗ ಮಾಡುದನ್ನೇ ಇವನು ಅಲೆ ಬಂದಾಗ ಮಾಡಿದ, ಅದ್ರಲ್ಲಿ ತಪ್ಪೆಂತ? ಇನ್ನೊಂದು ಅಲೆ ಬರುವ ಮೊದ್ಲೇ ಅಕ್ಕ ಪರ್ಸ್ ತೆಗೆದ್ಳು. ಸುತ್ತ ನೂರು ಜನ, ಒಬ್ಬನೂ ಹಗ್ಗ ಹಿಡೀಲಿಲ್ಲ, ಎಲ್ರ ಕೈಯಲ್ಲೂ ಮೊಬೈಲ್.

ನನ್ನ ಮಟ್ಟಿಗೆ ಇದಕ್ಕೆ ಪೊಲೀಸ್ ಕೇಸಿಗಿಂತ ಒಳ್ಳೆ ದಾರಿ ಎತ್ತುಗಳಿಗೇ ಸರಕಾರಿ ನೌಕರಿ ಕೊಡುದು. ಈ ಕರಾವಳಿಯಲ್ಲಿ ಮರಾಠರ ನೌಕಾಪಡೆ ನಡೆಸಿದ ಕಾನ್ಹೋಜಿ ಆಂಗ್ರೆ ಕಾಲದ ಮೇಲೆ ಇಷ್ಟು ಬಿಜಿಯಾದ ನೌಕಾಪಡೆ ಇನ್ನೊಂದಿಲ್ಲ, ಯೂನಿಫಾರ್ಮ್ ಆದ್ರೂ ಬೇಡ್ವಾ?

ವಾಪಸ್ ಬರುವಾಗ ದಾರಿಯಿಡೀ ಸೀಟಿನಡಿಯಿಂದ ಉಪ್ಪು ನೀರು ತೊಟ್ಟಿಕ್ತಿತ್ತು, ಭಾವ ಸುಮ್ಮನಿದ್ರು, ಪಶ್ಚಾತ್ತಾಪ ಅಂತ ನಾವಂದುಕೊಂಡ್ವು. ಪೇಣ್ ದಾಟಿದ ಮೇಲೆ ಬಾಯಿ ಬಿಟ್ರು, ಮುಂದಿನ ಸಲ ಮುರುಡ್ ಜಂಜಿರಾಕ್ಕೆ ಹೋಗುವ, ಗಾಡಿ ಕೋಟೆಯ ಬಾಗಿಲವರೆಗೆ ಹೋಗ್ತದಾ ಅಂತ. ಅದು ಸಮುದ್ರದ ನಡುವಿನ ಕೋಟೆ ಭಾವ, ಸಂಭಾಜಿ ಮಹಾರಾಜರೇ 1682ರಲ್ಲಿ ಕಲ್ಲು ತುಂಬಿಸಿ ದಾರಿ ಮಾಡ್ಲಿಕ್ಕೆ ನೋಡಿ ಆಗ್ಲಿಲ್ಲ ಅಂದೆ.

"ಅವ್ರ ಹತ್ರ ಫೋರ್ ಬೈ ಫೋರ್ ಇರ್ಲಿಲ್ಲಲ್ಲ ಮಾರಾಯಾ" ಅಂದ್ರು.