ಆಪರೇಷನ್ ಗಂಡನೇ ಮಾಡಿಸಿಕೊಳ್ಳಬೇಕೇ?

ಪರ: ಕೊಯ್ಯುವುದು ನಮ್ಮ ಹೊಟ್ಟೆಯನ್ನೇ ಏಕೆ?

ಎರಡನೆಯ ಹೆರಿಗೆಯ ಹೊತ್ತಿಗೆ ನಾವು ಮುಂಬಯಿ ಬಳಿಯ ಡೊಂಬಿವಿಲಿಯಲ್ಲಿದ್ದೆವು. ಸಿಸೇರಿಯನ್‌ಗೆ ಒಳಗೆ ಕರೆದೊಯ್ಯುವ ಮೊದಲು ನರ್ಸ್ ಇನ್ನೊಂದು ಫಾರಂ ಹಿಡಿದು ಬಂದಳು. ‘ಹೊಟ್ಟೆ ಹೇಗೂ ಕೊಯ್ಯುತ್ತೇವೆ, ಮಕ್ಕಳಾಗದಂತೆ ಆಪರೇಷನ್ನೂ ಮುಗಿಸಿಬಿಡೋಣವಾ?’ ಎಂದು ಮರಾಠಿಯಲ್ಲಿ ಕೇಳಿದಳು. ಇವರು ಕಿಟಕಿಯ ಬಳಿ ಮೊಬೈಲ್ ನೋಡುತ್ತಿದ್ದರು. ‘ನೀವು ಮಾಡಿಸ್ಕೋತೀರೇನ್ರೀ?’ ಎಂದೆ. ಉತ್ತರ ಬಂದದ್ದು ಅತ್ತೆಯಿಂದ: ‘ಅಂವಾ ದುಡಿಯೋ ಗಂಡಸು. ನಾಳೆ ನಡಾ ಹಿಡದ್ರ ಮನಿ ನಡಸಾವ್ರ್ಯಾರ?’

ಆಗ ನಾನೂ ದುಡಿಯುತ್ತಿದ್ದೆ. ಸಂಬಳ ಇವರಿಗಿಂತ ನಾಲ್ಕು ಸಾವಿರ ಹೆಚ್ಚೇ. ಆದರೂ ಸಹಿ ಹಾಕಿದೆ.

ಇದು ನಮ್ಮೊಬ್ಬರ ಮನೆಯ ಕತೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತ ಹೆಂಗಸರಲ್ಲಿ ನೂರಕ್ಕೆ 37.9 ಮಂದಿಗೆ ಈ ಆಪರೇಷನ್ ಆಗಿದೆ. ಗಂಡ ಮಾಡಿಸಿಕೊಂಡಿರುವುದು ನೂರಕ್ಕೆ 0.3! ಅದೇ ಸಮೀಕ್ಷೆಯಲ್ಲಿ ಗಂಡಸರನ್ನು ಕೇಳಿದರೆ, ಬಸಿರು ತಡೆಯುವುದು ಹೆಂಗಸರ ಕೆಲಸ, ತಮಗೇಕೆ ಆ ಚಿಂತೆ ಎಂದವರು ನೂರಕ್ಕೆ 35. ಆಸೆ ಇಬ್ಬರದು, ಹೊಲಿಗೆ ಒಬ್ಬಳಿಗೆ.

ಗಂಡಸಿಗೆ ಹೊಟ್ಟೆ ತೆರೆಯುವ ಮಾತೇ ಇಲ್ಲ. ಚೀನಾದಲ್ಲಿ 1974ರಲ್ಲಿ ಶುರುವಾದ ವಿಧಾನದಲ್ಲಿ ಬ್ಲೇಡೂ ಬೇಡ, ಹೊಲಿಗೆಯೂ ಬೇಡ; ಅರ್ಧ ಗಂಟೆಯ ಕೆಲಸ, ಸಂಜೆಗೆ ಮನೆಗೆ. ‘ಶಕ್ತಿ’ ಕುಂದುತ್ತದೆ ಎಂಬುದು ಬರೀ ಬೊಗಳೆ. ಗಂಡಸುತನದ ಹಾರ್ಮೋನು ನೇರ ರಕ್ತಕ್ಕೆ ಸೇರುತ್ತದೆ, ಕಟ್ಟುವ ವೀರ್ಯನಾಳಕ್ಕೂ ಅದಕ್ಕೂ ಸಂಬಂಧವಿಲ್ಲ. ಹೆಂಗಸರ ಪಾಡು? 2014ರಲ್ಲಿ ಛತ್ತೀಸಗಡದ ಬಿಲಾಸ್‌ಪುರದ ಬಳಿ ಒಂದೇ ಶಿಬಿರದಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದರು. ಹತ್ತಕ್ಕೂ ಹೆಚ್ಚು ಮಂದಿ ಸತ್ತರು.

ಇಷ್ಟು ಹೇಳಿದರೆ ಸಾಕು, ‘ತುರ್ತುಪರಿಸ್ಥಿತಿಯಲ್ಲಿ ಏನಾಯ್ತು ಗೊತ್ತಾ?’ ಎನ್ನುತ್ತಾರೆ. ಆಗಿನ್ನೂ ಹುಟ್ಟದಿದ್ದವರೂ ಎನ್ನುತ್ತಾರೆ.

ವಿರೋಧ: ಆ ‘ಬೇಕು’ ಬೇಡ

ಈ ಪಕ್ಷ ನಾನು ಕೇಳಿ ಪಡೆದದ್ದಲ್ಲ. ಪರ ಬರೆಯುವವರು ಮೊದಲೇ ಸಿಕ್ಕಿದ್ದರಂತೆ. ಆದರೂ ಬರೆಯುತ್ತೇನೆ. ಗಂಡಸರನ್ನೆಲ್ಲ ಮುಂಬಯಿಯ ಸಿಎಸ್‌ಎಂಟಿ ರೈಲು ನಿಲ್ದಾಣದಲ್ಲಿ ಸಾಲಾಗಿ ನಿಲ್ಲಿಸಿ ಕತ್ತರಿ ಆಡಿಸಿದರೆ ಸಮಾನತೆ ಬಂದುಬಿಡುತ್ತದೆಯೇ?

ತುರ್ತುಪರಿಸ್ಥಿತಿಯ ಹೊತ್ತಿಗೆ ನಾನೂ ಹುಟ್ಟಿರಲಿಲ್ಲ. ದೊಡ್ಡಪ್ಪ ಹುಟ್ಟಿದ್ದರು. 1976ರಲ್ಲಿ ಮಹಾರಾಷ್ಟ್ರದ ಶಾಸನಸಭೆ ಕಡ್ಡಾಯ ಸಂತಾನಹರಣದ ಮಸೂದೆಯನ್ನೇ ಪಾಸು ಮಾಡಿತ್ತು. ರಾಷ್ಟ್ರಪತಿಯ ಅಂಕಿತ ಬೀಳಲಿಲ್ಲ, ಅಷ್ಟೇ. ಆ ಒಂದು ವರ್ಷದಲ್ಲಿ ದೇಶದಲ್ಲಿ ಸುಮಾರು 62 ಲಕ್ಷ ಗಂಡಸರಿಗೆ ಆಪರೇಷನ್ ಆಯಿತು. ದೊಡ್ಡಪ್ಪ ಆಗ ಮಾಟುಂಗಾದ ಹೋಟೆಲೊಂದರಲ್ಲಿ ಮಾಣಿ, ಇಪ್ಪತ್ತೆರಡರ ಬ್ರಹ್ಮಚಾರಿ. ಟಿಕೆಟಿಲ್ಲದೆ ಸಿಕ್ಕವರನ್ನು ಸೀದಾ ಆಪರೇಷನ್‌ಗೆ ಒಯ್ಯುತ್ತಾರೆಂದು ಅಡುಗೆಮನೆಯಲ್ಲಿ ಸುದ್ದಿ. ರೈಲಿನ ಪಾಸು ಕಳೆದೀತೆಂದು ಅದನ್ನು ಜನಿವಾರಕ್ಕೆ ಕಟ್ಟಿಕೊಂಡು ಓಡಾಡಿದರಂತೆ. ಊರಿಗೆ ಬಂದಾಗ ಸ್ನಾನಕ್ಕಿಳಿದವರ ಎದೆಯ ಮೇಲೆ ಆ ಪಾಸು ಕಂಡು ಅಜ್ಜಿ ತಾಯಿತವೆಂದುಕೊಂಡರಂತೆ.

ಇನ್ನೊಂದು ವಿಷಯ. ಗಂಡಸಿಗೆ ಆಪರೇಷನ್ ಆದ ದಿನವೇ ಎಲ್ಲ ಮುಗಿಯುವುದಿಲ್ಲ. ಸುಮಾರು ಮೂರು ತಿಂಗಳು ಕಾಂಡೋಮ್ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿ ಖಾತ್ರಿಪಡಿಸಿಕೊಳ್ಳಬೇಕು. ಆ ಡಬ್ಬಿ ಹಿಡಿದು ಲ್ಯಾಬಿಗೆ ಹೋಗುವ ಗಂಡಸು ನಮ್ಮಲ್ಲಿ ಎಷ್ಟು ಮಂದಿ? ಅಷ್ಟರಲ್ಲಿ ಹೆಂಡತಿ ಬಸುರಾದರೆ ಸೊಸೈಟಿಯವರು ಯಾರ ಮುಖ ನೋಡುತ್ತಾರೆ? ಅವಳೇ ಮಾಡಿಸಿಕೊಂಡಿದ್ದರೆ ಆ ಮಾತು ಬರುವುದಿಲ್ಲ. ಇದು ನ್ಯಾಯ ಎನ್ನುತ್ತಿಲ್ಲ, ಆಗುವುದು ಹೀಗೆ.

ದೊಡ್ಡಪ್ಪನಿಗೆ ಮುಂದೆ ನಾಲ್ಕು ಮಕ್ಕಳಾದವು. ನಾಲ್ಕನೆಯದರ ಬಳಿಕ ಆಪರೇಷನ್ ಆಯಿತು, ದೊಡ್ಡಮ್ಮನಿಗೆ.