ಜಮೀನಿನಲ್ಲಿ ಅತಿ ಚೆಂದದ ಜಾಗ ಮನೆಗಲ್ಲ

ಹಳ್ಳಿ ಕಡೆ ಜಮೀನು ತಗೊಂಡವರು ಮೊದಲು ಮಾಡುವ ಕೆಲಸ ಒಂದೇ. ಇರುವುದರಲ್ಲಿ ಎತ್ತರದ ದಿಬ್ಬ ಹತ್ತಿ, ಸೊಂಟದ ಮೇಲೆ ಕೈ ಇಟ್ಟು, ಸುತ್ತ ಒಮ್ಮೆ ನೋಡಿ "ಮನೆ ಇಲ್ಲೇ" ಅಂದುಬಿಡುವುದು. ಜೊತೆಗೆ ಹೋದವರೂ ಹೂಂ ಅಂತಾರೆ. ನಾನು ಅನ್ನಲ್ಲ. ಅದಕ್ಕೇ ಏನೋ, ಜಾಗ ನೋಡೋಕೆ ನನ್ನನ್ನು ಯಾರೂ ಎರಡನೇ ಸಲ ಕರೆಯಲ್ಲ!

ನೆತ್ತಿಯಲ್ಲಿ ಗಾಳಿ ಜಾಸ್ತಿ. ಗುಡ್ಡ ಹತ್ತಿ ಬರುವ ಗಾಳಿ ತುದಿ ಹತ್ತಿರ ಇನ್ನೂ ಜೋರಾಗುತ್ತದೆ. ಸಂಜೆ ಸ್ವಲ್ಪ ಹೊತ್ತು ನಿಂತಾಗ ಹಾಯ್ ಅನ್ನಿಸುವ ಅದೇ ಗಾಳಿ ವರ್ಷವಿಡೀ ಚಾವಣಿ, ಕಿಟಕಿ ಬಡಿಯುತ್ತಿದ್ದರೆ ಬೇರೆಯೇ ಕಥೆ. ನೀರು ಅಲ್ಲಿಗೇ ಏರಬೇಕು, ದಾರಿ ಅಲ್ಲಿಗೇ ಹತ್ತಬೇಕು. ಕೆಳಗೆ ಒಣಹುಲ್ಲಿಗೆ ಬೆಂಕಿ ಬಿದ್ದರೆ ಅದು ಇಳಿಜಾರಿನಲ್ಲಿ ಮೇಲಕ್ಕೇ ಬೇಗ ಓಡುತ್ತದೆ, ಯಾಕೆಂದರೆ ಕೆಳಗಿನ ಜ್ವಾಲೆ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸಿಬಿಟ್ಟಿರುತ್ತದೆ. ಆ ನೆತ್ತಿ ಅಷ್ಟು ಇಷ್ಟವಾದರೆ ಅಲ್ಲೊಂದು ಕಲ್ಲುಬೆಂಚು ಹಾಕಿ, ಸಾಕು.

ಹಾಗಂತ ತಗ್ಗಿಗೆ ಹೋಗಬೇಡಿ. ರಾತ್ರಿ ತಣ್ಣನೆಯ ಗಾಳಿ ಭಾರವಾಗಿ ಇಳಿಜಾರಿನಲ್ಲಿ ನೀರಿನ ಹಾಗೆ ಕೆಳಗೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಮಂಜು, ತೇವ, ಚಳಿ ಎಲ್ಲಾ ಅಲ್ಲೇ. ಹೀಗಾಗಿ ನನ್ನ ಮಟ್ಟಿಗೆ ಒಳ್ಳೆ ಜಾಗ ಅಂದರೆ ನೆತ್ತಿಗಿಂತ ಸ್ವಲ್ಪ ಕೆಳಗಿನ ಹದವಾದ ಇಳಿಜಾರು. ಹೆಸರಾಂತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1911ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ತಮ್ಮ ಟ್ಯಾಲಿಯೆಸಿನ್ ಮನೆ ಕಟ್ಟಿದ್ದೂ ಹೀಗೇ, ಗುಡ್ಡದ ನೆತ್ತಿ ಬಿಟ್ಟು ಪಕ್ಕದಲ್ಲಿ. ನೆತ್ತಿ ಮೇಲೆ ಕಟ್ಟಿದರೆ ಗುಡ್ಡವೇ ಕೈತಪ್ಪಿಹೋಗುತ್ತದೆ ಅನ್ನುವುದು ಅವರ ವಾದ.

ಇದೆಲ್ಲಕ್ಕಿಂತ ದೊಡ್ಡದು ನೀರು. ಜಮೀನನ್ನು ಬಿಸಿಲಲ್ಲಿ ನೋಡಿ ಜಾಗ ಗೊತ್ತುಮಾಡುವುದು ಬರೀ ಅರ್ಧ ಕೆಲಸ. ಜೋರು ಮಳೆ ಸುರಿಯುವಾಗ ಕೊಡೆ ಹಿಡಿದು ಹೋಗಿ. ನೀರು ಎಲ್ಲಿಂದ ಒಳಗೆ ಬರುತ್ತೆ, ಎಲ್ಲಿ ಹಾದು ಹೋಗುತ್ತೆ, ಮಳೆ ನಿಂತ ಮರುದಿನವೂ ಎಲ್ಲಿ ಕಾಲು ಹೂತುಕೊಳ್ಳುತ್ತೆ, ಕಣ್ಣಾರೆ ಕಾಣುತ್ತದೆ. ಮಳೆಗಾಲದವರೆಗೆ ಕಾಯೋಕಾಗಲ್ಲ ಅನ್ನುವವರಿಗೂ ಗುರುತುಗಳಿವೆ. ಬೇಸಿಗೆಯಲ್ಲೂ ಜೊಂಡು ಹಸಿರಾಗಿದ್ದರೆ ಕೆಳಗೆ ನೀರಿದೆ. ಬೇಲಿ ತಂತಿಗೆ ಕಸಕಡ್ಡಿ ಒಂದೇ ಎತ್ತರದಲ್ಲಿ ಸಿಕ್ಕಿಕೊಂಡಿದ್ದರೆ ಅಷ್ಟೆತ್ತರ ನೀರು ಹರಿದಿರಬಹುದು. ಒಂದು ಆಳುದ್ದ ಗುಂಡಿ ತೋಡಿಸಿ ಪಕ್ಕದ ಗೋಡೆ ನೋಡಿ. ಮೇಲೆ ಒಂದೇ ಬಣ್ಣ, ಕೆಳಗೆ ಬರಬರುತ್ತಾ ಬೂದು ಮಣ್ಣು, ಅದರ ನಡುನಡುವೆ ತುಕ್ಕಿನ ಬಣ್ಣದ ಚುಕ್ಕೆಗಳು. ಹಾಗಿದ್ದರೆ ವರ್ಷದಲ್ಲಿ ಕೆಲವು ತಿಂಗಳು ನೀರು ಅಲ್ಲಿವರೆಗೆ ಏರಿ ನಿಲ್ಲುತ್ತದೆ ಅಂತ. ನೀವು ನೋಡುವ ದಿನ ಆ ಗುಂಡಿ ಒಣಗಿರಬಹುದು, ನಂಬಬೇಡಿ.

ಇಳಿಜಾರಿನಲ್ಲಿ ಕಟ್ಟುವಾಗ ಮನೆಯ ಮೇಲ್ಭಾಗದಲ್ಲಿ ನೀರು ತಿರುಗಿಸುವ ಕಾಲುವೆ ಬೇಕೇ ಬೇಕು. ಗೋಡೆಯಿಂದ ಹೊರಗೆ ಮೊದಲ 10 ಅಡಿಯಲ್ಲಿ ನೆಲ ಅರ್ಧ ಅಡಿಯಾದರೂ ಇಳಿದಿರಲಿ. ಅಲ್ಲಿರುವ ಮರಗಳನ್ನೂ ನೋಡಿ. ಬುಡದಲ್ಲಿ ಬಾಗಿ ಆಮೇಲೆ ನೇರ ಎದ್ದ ಮರಗಳು ಸಾಲಾಗಿ ಇದ್ದರೆ, ಮಣ್ಣು ಮೆಲ್ಲಗೆ ಕೆಳಗೆ ಜಾರುತ್ತಿರಬಹುದು. ಅಂಥಲ್ಲಿ ಮಣ್ಣು ಗೊತ್ತಿರುವ ಎಂಜಿನಿಯರನ್ನು ಕೇಳದೆ ಒಂದು ಗುದ್ದಲಿಯೂ ಹಾಕಬೇಡಿ.

ಮಣ್ಣಿನ ವಿಷಯದಲ್ಲಿ ಹೆದರಬೇಕಾದ್ದು ಎರಡಕ್ಕೆ. ಒಂದು, ಒದ್ದೆಯಾದರೆ ಉಬ್ಬಿ ಒಣಗಿದರೆ ಬಿರಿಯುವ ಜಿಗುಟು ಮಣ್ಣು. ಅದರ ಮೇಲೆ ಮಾಮೂಲಿ ಪಾಯ ಹಾಕಿದರೆ ಗೋಡೆ ಸೀಳುತ್ತದೆ. ಇನ್ನೊಂದು, ಇಳಿಜಾರನ್ನು ಕಡಿದು ಆ ಮಣ್ಣನ್ನೇ ಮುಂದೆ ತುಂಬಿ ಮಾಡಿದ ಮಟ್ಟ. ನೋಡೋಕೆ ಅಂಗಳದ ಹಾಗೆ ಚೆನ್ನಾಗಿರುತ್ತೆ. ಆದರೆ ಅರ್ಧ ಮನೆ ಗಟ್ಟಿ ನೆಲದ ಮೇಲೆ, ಅರ್ಧ ಮನೆ ತುಂಬಿದ ಮಣ್ಣಿನ ಮೇಲೆ ಕೂತರೆ ಒಂದು ಕಡೆ ಮಾತ್ರ ಕುಸಿಯುತ್ತದೆ.

ಇನ್ನೊಂದು ಮಾತು, ಸ್ವಲ್ಪ ನಗು ಬರಬಹುದು. ಮನೆಗಿಂತ ಮೊದಲು ಸೆಪ್ಟಿಕ್ ಟ್ಯಾಂಕಿಗೆ ಜಾಗ ನೋಡಿ. ಮನೆಯನ್ನು ಅತ್ತಿತ್ತ ಸರಿಸಬಹುದು. ಕೊಳಚೆ ನೀರು ಇಂಗುವ ಮಣ್ಣು ಎಲ್ಲಿದೆಯೋ ಅಲ್ಲೇ ಇರುತ್ತದೆ. ಗುಂಡಿಗೆ ನೀರು ತುಂಬಿ, ಮಣ್ಣು ಚೆನ್ನಾಗಿ ನೆನೆಯಲು ಬಿಟ್ಟು, ಮತ್ತೆ ತುಂಬಿ ಎಷ್ಟು ಹೊತ್ತಿಗೆ ಇಳಿಯುತ್ತೆ ನೋಡಬೇಕು. ಇಳಿಯದೇ ನಿಂತರೂ ಕಷ್ಟ. ಸರ್ರನೆ ಇಳಿದರೂ ಕಷ್ಟ, ಸೋಸದೇ ಅಂತರ್ಜಲಕ್ಕೆ ಸೇರುತ್ತೆ. ಬಾವಿ ಅಥವಾ ಬೋರ್‌ವೆಲ್ ಇದಕ್ಕಿಂತ ಮೇಲಿರಲಿ, ದೂರವಿರಲಿ. ಹಲವು ಕಡೆಯ ನಿಯಮದಲ್ಲಿ ಇಂಗುವ ಜಾಗಕ್ಕೂ ಬಾವಿಗೂ 100 ಅಡಿ ಅಂತರ ಇರಬೇಕು.

ಬಿಸಿಲಿನ ಲೆಕ್ಕ ನೀವು ಭೂಮಿಯ ಯಾವ ಭಾಗದಲ್ಲಿದ್ದೀರಿ ಅನ್ನುವುದರ ಮೇಲೆ. 23.5 ಡಿಗ್ರಿ ಉತ್ತರ ಅಕ್ಷಾಂಶಕ್ಕಿಂತ ಮೇಲಿದ್ದರೆ ನಡುಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ. ದಕ್ಷಿಣ ಗೋಳದಲ್ಲಿ ಅಷ್ಟೇ ದೂರ ಹೋದರೆ ಉಲ್ಟಾ. ನಡುವಿನವರಿಗೆ ಎರಡೂ ಕಡೆ ಹೊರಳುತ್ತಾನೆ. ಚಳಿ ಊರಿನವರು ಆ ಬಿಸಿಲನ್ನು ಹುಡುಕಬೇಕು, ಬಿಸಿ ಊರಿನವರು ಪಡುವಣದ ಬಿಸಿಲಿನಿಂದ ತಪ್ಪಿಸಿಕೊಳ್ಳಬೇಕು. ಸೂರ್ಯ ಕೆಳಗಿಳಿದಾಗ ಅದು ನೇರ ಕಿಟಕಿಗೆ ಹೊಡೆಯುವುದರಿಂದ ಸೂರು ಎಷ್ಟು ಚಾಚಿದರೂ ತಡೆಯಲ್ಲ, ಮರವೇ ಬೇಕು.

ದಾರಿ, ಕರೆಂಟು, ಬೇಲಿಯಿಂದ ಬಿಡಬೇಕಾದ ಅಂತರ, ಬೇರೆಯವರಿಗೆ ನಿಮ್ಮ ಜಮೀನಿನಲ್ಲಿ ಓಡಾಡುವ ಹಕ್ಕು ಇದೆಯೋ ಅನ್ನುವುದು, ಇವೆಲ್ಲ ಕಾಗದಪತ್ರದಲ್ಲೂ ಕಚೇರಿಯಲ್ಲೂ ಗೊತ್ತಾಗುತ್ತೆ. ಒಂದೇ ನೆನಪಿಡಿ, ರಸ್ತೆಯಿಂದ ದೂರ ಹೋದಷ್ಟೂ ಪ್ರತಿ ಅಡಿಗೂ ಖರ್ಚು. ತುಂಬಿದ ಲಾರಿ ಹತ್ತದ, ತಿರುಗದ ದಾರಿಯಾದರೆ ಇಟ್ಟಿಗೆ, ಮರಳು ಎಲ್ಲಾ ತಲೆಹೊರೆಯಲ್ಲೇ ಬರಬೇಕು.

ಎರಡು ಮೂರು ಜಾಗ ಉಳಿದ ಮೇಲೆ ಗೂಟ ನೆಟ್ಟು, ದಾರ ಕಟ್ಟಿ, ಕೋಣೆಗಳನ್ನು ನೆಲದ ಮೇಲೆ ಗುರುತು ಮಾಡಿ. ನೆಲಗಟ್ಟು ಎಷ್ಟು ಎತ್ತರ ಬರುತ್ತೋ ಅಷ್ಟೆತ್ತರದ ಏಣಿ ಮೆಟ್ಟಿಲ ಮೇಲೆ ನಿಂತು ಅಡುಗೆಮನೆ ಕಿಟಕಿ ಕಡೆಗೊಮ್ಮೆ, ಮಲಗುವ ಕೋಣೆ ಕಡೆಗೊಮ್ಮೆ ನೋಡಿ. ಬೆಳಿಗ್ಗೆಯೂ ನೋಡಿ, ರಾತ್ರಿಯೂ ನೋಡಿ. ಹಗಲಲ್ಲಿ ಕೇಳದ ಹೆದ್ದಾರಿ ಸದ್ದು ರಾತ್ರಿ ಚೆನ್ನಾಗಿ ಕೇಳುತ್ತದೆ.

ಅಲ್ಲಿವರೆಗೆ ಜೆಸಿಬಿ ಕರೆಸಬೇಡಿ. ಬಂದವರು "ಎಲ್ಲಾ ಒಂದೇ ಸಲ ಮಟ್ಟ ಮಾಡಿಬಿಡ್ಲಾ ಸಾರ್" ಅಂತ ಕೇಳೇ ಕೇಳ್ತಾರೆ. ಬೇಡ ಅನ್ನಿ. ಪಾಯದ ಜಾಗದಷ್ಟೇ ಕೆರೆಸಿ, ಮೇಲಿನ ಫಲವತ್ತಾದ ಮಣ್ಣನ್ನು ಬೇರೆ ಗುಡ್ಡೆ ಹಾಕಿಸಿ. ಕೆಲಸ ಮುಗಿದ ಮೇಲೆ ಗಿಡ ನೆಡೋಕೆ ಅದೇ ಬೇಕಾಗುತ್ತೆ.